ಸೀರಮ್ ಕೊಳ್ಳಬೇಕೆ, ವೈಟಲ್ ಸಾಕೆ? ಗಡಿನಾಡಿನ ಹೊಸ ಸಂಗೀತಗಾರರಿಗೆ ಹತ್ತು ಸೂತ್ರಗಳು

ಕಬ್ಬಿನ ಹಂಗಾಮು ಶುರುವಾಯಿತೆಂದರೆ ಅಥಣಿ, ಕಾಗವಾಡ, ರಾಯಬಾಗದ ರಸ್ತೆಗಳಲ್ಲಿ ಟ್ರ್ಯಾಕ್ಟರುಗಳ ಜೊತೆ ಹಾಡುಗಳೂ ಹೊರಡುತ್ತವೆ. ಡೊಳ್ಳಿನ ಪದದ ಧಾಟಿ, ಭಜನೆಯ ಎಳೆ, ಕೆಳಗೆ ಎದೆ ನಡುಗಿಸುವ ಬೇಸ್. ಇಂಥ ಎಷ್ಟೋ ಹಾಡುಗಳು ಇಂದು ಮನೆಯ ಒಂದು ಕೋಣೆಯಲ್ಲಿ, ಒಂದೇ ಲ್ಯಾಪ್‌ಟಾಪಿನ ಮೇಲೆ ತಯಾರಾಗುತ್ತವೆ. ಆ ಕೋಣೆಯಲ್ಲಿ ಕೂತ ಹುಡುಗ ಹುಡುಗಿಯರು ಕೇಳುವ ಪ್ರಶ್ನೆ ಬಹುತೇಕ ಒಂದೇ: ಯಾವ ವೇವ್‌ಟೇಬಲ್ ಸಿಂಥ್ ಹಾಕಿಕೊಳ್ಳಲಿ? ದುಡ್ಡು ಕಡಿಮೆ, ಹಳೆಯ ಕಂಪ್ಯೂಟರು, ಆಸೆ ದೊಡ್ಡದು. ಅವರಿಗಾಗಿ ಈ ಸೂತ್ರಗಳು.

1. ಮೊದಲು ತಂಬೂರಿ ಕೇಳಿ

ಕಾಗವಾಡದಿಂದ ಗಡಿ ದಾಟಿದರೆ ಮಿರಜ್. ಅಲ್ಲಿನ ಸಿತಾರ್ ಮತ್ತು ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಸಿಕ್ಕಿದೆ. ಒಳ್ಳೆಯ ತಂಬೂರಿಯ ಒಂದು ತಂತಿ ಮೀಟಿ, ಅದು ಆರುವವರೆಗೆ ಸುಮ್ಮನೆ ಕೇಳಿ. ಸ್ವರ ಒಂದೇ ಇರುತ್ತದೆ, ಆದರೆ ಬಣ್ಣ ಬದಲಾಗುತ್ತ ಹೋಗುತ್ತದೆ. ತಂತಿ ಕೂರುವ ಕುದುರೆಯ (ಬ್ರಿಡ್ಜ್) ಬಾಗಿದ ಮೈ ಮತ್ತು ತಂತಿಯ ಕೆಳಗೆ ಸೇರಿಸಿದ ನೂಲಿನ ಎಳೆ, ಇವೆರಡರಿಂದ ಒಂದರ ಹಿಂದೆ ಒಂದು ಉಪಸ್ವರಗಳು ಮೇಲೆದ್ದು ಬರುತ್ತವೆ.

ವೇವ್‌ಟೇಬಲ್ ಸಿಂಥ್ ಇದೇ ಚಲನೆಯನ್ನು ಲೆಕ್ಕದಿಂದ ಮಾಡುತ್ತದೆ. ಒಂದೊಂದು ಬಣ್ಣದ ಅಲೆಯ ಒಂದೊಂದು ಸುತ್ತನ್ನು ಸಾಲಾಗಿ ಜೋಡಿಸಿ ಇಟ್ಟಿರುತ್ತಾರೆ. ನೀವು ಸ್ವರ ಹಿಡಿದಾಗ ಸಿಂಥ್ ಆ ಸಾಲಿನ ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಸರಿಯುತ್ತದೆ. ಜರ್ಮನಿಯ ಹ್ಯಾಂಬರ್ಗಿನಲ್ಲಿ ವೋಲ್ಫ್‌ಗಾಂಗ್ ಪಾಲ್ಮ್ ಎಂಬ ಎಂಜಿನಿಯರ್ 1970ರ ದಶಕದ ಕೊನೆಯಲ್ಲಿ ತಮ್ಮ ಪಿಪಿಜಿ ಕಂಪನಿಯಲ್ಲಿ ಈ ವಿಧಾನವನ್ನು ಕಟ್ಟಿದರು. ಅವರ ಪಿಪಿಜಿ ವೇವ್ ವಾದ್ಯದ ಒಂದು ಟೇಬಲ್‌ನಲ್ಲಿ 64 ಅಲೆಗಳಿದ್ದವು. ಇಂದಿನ ಸೀರಮ್ ಎಂಬ ಸಿಂಥ್‌ನಲ್ಲಿ 256ರವರೆಗೆ ಇಡಬಹುದು, ಒಂದೊಂದು ಅಲೆಗೆ 2048 ಬಿಂದುಗಳು.

ಇಷ್ಟು ತಿಳಿದರೆ ಆಯ್ಕೆಯ ಅರ್ಧ ಕೆಲಸ ಮುಗಿಯಿತು. ಯಾವ ಸಿಂಥ್‌ನಲ್ಲಿ ಈ ಸರಿಯುವಿಕೆಯನ್ನು ನೀವು ಸುಲಭವಾಗಿ ಹಿಡಿತಕ್ಕೆ ತರಬಲ್ಲಿರಿ, ಅದೇ ನಿಮ್ಮ ಸಿಂಥ್. ಪರದೆಯ ಮೇಲಿನ ಚಂದದ ಚಿತ್ರಗಳನ್ನು ಆಮೇಲೆ ನೋಡಿದರಾಯಿತು.

2. ಯಂತ್ರದ ಶಕ್ತಿ ತಿಳಿದು ಮುಂದಿನ ಹೆಜ್ಜೆ ಇಡಿ

ನಮ್ಮ ಕಡೆ ಸೆಕೆಂಡ್ ಹ್ಯಾಂಡ್ ಕಂಪ್ಯೂಟರಿನಲ್ಲೇ ಸಂಗೀತ ಶುರುವಾಗುವುದು ಹೆಚ್ಚು. ನೇಟಿವ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಮ್ಯಾಸಿವ್ ಎಕ್ಸ್, ಎವಿಎಕ್ಸ್ ಸೌಲಭ್ಯವಿಲ್ಲದ ಹಳೆಯ ಪ್ರೊಸೆಸರ್‌ಗಳಲ್ಲಿ ಓಡುವುದಿಲ್ಲ. ವೈಟಲ್ ಎಂಬ ಸಿಂಥ್‌ಗೆ ಅಲುಗುವ ಚಿತ್ರಗಳನ್ನು ತೋರಿಸಲು ಗ್ರಾಫಿಕ್ಸ್ ಶಕ್ತಿ ಬೇಕು. ತೀರ ಹಳೆಯ ಲ್ಯಾಪ್‌ಟಾಪಿನಲ್ಲಿ ಅದರ ಕಿಟಕಿಯೇ ತೊದಲುತ್ತದೆ. ಸರ್ಜ್ ಎಕ್ಸ್‌ಟಿ ಎಂಬ ಇನ್ನೊಂದು ಸಿಂಥ್ ಹಗುರ.

ಒಂದು ಲೆಕ್ಕ ನೆನಪಿಡಿ. ಎಂಟು ಸ್ವರ ಒಟ್ಟಿಗೆ ಹಿಡಿದು, ಮೂರು ಆಸಿಲೇಟರ್ ತೆರೆದು, ಯೂನಿಸನ್ ಅನ್ನು (ಒಂದೇ ಸ್ವರದ ಪ್ರತಿಗಳ ಸಂಖ್ಯೆ) 16ಕ್ಕೆ ಏರಿಸಿದರೆ ಯಂತ್ರ ಏಕಕಾಲಕ್ಕೆ 384 ಅಲೆಗಳನ್ನು ಹುಟ್ಟಿಸಬೇಕು. ಸದ್ದು ಕಡಿದುಕಡಿದು ಬಂದರೆ ಸಿಂಥ್ ಬದಲಿಸುವ ಮೊದಲು ಯೂನಿಸನ್ ಇಳಿಸಿ. ಮುಗಿದ ಟ್ರ್ಯಾಕನ್ನು ಆಡಿಯೋ ಮಾಡಿ ಇಟ್ಟುಕೊಳ್ಳಿ. ಎಷ್ಟೋ ಸಲ ಇದರಲ್ಲೇ ಸಮಸ್ಯೆ ಬಗೆಹರಿಯುತ್ತದೆ.

3. ದುಡ್ಡು ತೆಗೆಯುವ ಮುಂಚೆ ಉಚಿತವಾದ ಎರಡನ್ನು ಬಳಸಿ

ಮ್ಯಾಟ್ ಟೈಟೆಲ್ ಎಂಬ ಒಬ್ಬರೇ ಡೆವಲಪರ್ 2020ರ ನವೆಂಬರಿನಲ್ಲಿ ವೈಟಲ್ ಬಿಡುಗಡೆ ಮಾಡಿದರು. ಉಚಿತ ಆವೃತ್ತಿಯಲ್ಲೂ ಸಿಂಥ್‌ನ ಎಂಜಿನ್ ಪೂರ್ತಿ ಇದೆ. ದುಡ್ಡು ಕೊಟ್ಟವರಿಗೆ ಹೆಚ್ಚಾಗಿ ಸಿಗುವುದು ಪ್ರಿಸೆಟ್‌ಗಳು ಮತ್ತು ಟೇಬಲ್‌ಗಳು. ಸರ್ಜ್ ಅನ್ನು ಕ್ಲಾಸ್ ಯೊಹಾನ್ಸನ್ ಬರೆದು, 2018ರಲ್ಲಿ ಅದರ ಮೂಲ ಕೋಡನ್ನೇ ಎಲ್ಲರಿಗೂ ತೆರೆದಿಟ್ಟರು. ಈಗ ಅದನ್ನು ಸ್ವಯಂಸೇವಕರು ಬೆಳೆಸುತ್ತಿದ್ದಾರೆ. ಎರಡೂ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತವೆ.

ಕಲಿಯುವವರಿಗೆ ನಾನು ವೈಟಲ್ ಹೇಳುತ್ತೇನೆ, ಯಾಕೆಂದರೆ ಅಲೆ ಸರಿಯುವುದು ಅದರಲ್ಲಿ ಕಣ್ಣಿಗೆ ಕಾಣುತ್ತದೆ. ಸರ್ಜ್ ಮೊದಲ ನೋಟಕ್ಕೆ ಗಡುಸು, ಒಳಗೆ ಹೋದಷ್ಟೂ ಆಳ.

4. ಈಗಾಗಲೇ ಇರುವುದನ್ನು ಮರೆಯಬೇಡಿ

ಏಬಲ್ಟನ್ ಲೈವ್‌ನ ಸ್ವೀಟ್ ಆವೃತ್ತಿ ಇದ್ದರೆ ಅದರೊಳಗೇ ವೇವ್‌ಟೇಬಲ್ ಎಂಬ ಸಿಂಥ್ ಇದೆ. ಲಾಜಿಕ್ ಬಳಸುವವರಿಗೆ ಆಲ್ಕೆಮಿ ಜೊತೆಗೇ ಬರುತ್ತದೆ. ಅವನ್ನು ತೆರೆದೂ ನೋಡದೆ ಹೊರಗಿನದಕ್ಕೆ ಖರ್ಚು ಮಾಡುವುದು ಬೇಡ.

5. ಹಾಡಿಗೆ ಬೇಕಾದ ಕೆಲಸವನ್ನು ಕಾಗದದ ಮೇಲೆ ಬರೆಯಿರಿ

ಲೀಡ್ ಬೇಕೋ, ಬೇಸ್ ಬೇಕೋ, ಹಿಂದೆ ತುಂಬಿ ನಿಲ್ಲುವ ಪ್ಯಾಡ್ ಬೇಕೋ? ಡಿಜೆ ಹಾಡಿನ ಲೀಡ್ ಮತ್ತು ಬೇಸ್‌ಗೆ ವೈಟಲ್ ಸಾಕು. ಚೂಪಾದ, ಸ್ವಚ್ಛವಾದ ಸದ್ದಿಗೆ ಸೀರಮ್ ಹೆಸರಾಗಿದೆ. 2014ರಲ್ಲಿ ಸ್ಟೀವ್ ಡ್ಯೂಡಾ ಅದನ್ನು ತಂದ ಮೇಲೆ ಪಾಠದ ವಿಡಿಯೋಗಳೂ ಪ್ರಿಸೆಟ್‌ಗಳೂ ಅದರ ಸುತ್ತಲೇ ಹೆಚ್ಚು ಬೆಳೆದವು. 2025ರಲ್ಲಿ ಬಂದ ಸೀರಮ್ 2ರಲ್ಲಿ ಸ್ಯಾಂಪಲ್ ಮತ್ತು ಗ್ರ್ಯಾನ್ಯುಲರ್ ಆಸಿಲೇಟರ್‌ಗಳೂ ಸೇರಿವೆ. ಹಳೆಯ ಸೀರಮ್ ಕೊಂಡವರಿಗೆ ಅದು ಉಚಿತವಾಗಿಯೇ ಸಿಕ್ಕಿತು, ಮೆಚ್ಚಬೇಕಾದ ನಡೆ. ಭಜನಾ ಪದಗಳ ಹಿಂದೆ ನಿಧಾನವಾಗಿ ಅರಳುವ ಪ್ಯಾಡ್ ಬೇಕೆಂದರೆ ಆರ್ಟೂರಿಯಾ ಕಂಪನಿಯ ಪಿಗ್‌ಮೆಂಟ್ಸ್ ನೋಡಿ. ಹಲವು ಬಗೆಯ ಎಂಜಿನ್‌ಗಳು ಅದರಲ್ಲಿ ಒಂದೇ ಕಡೆ ಇವೆ.

6. ಪ್ರಿಸೆಟ್ ಕೇಳಿ ತೀರ್ಪು ಕೊಡಬೇಡಿ

ಅಂಗಡಿಗೆ ಇಡುವ ಪ್ರಿಸೆಟ್‌ಗಳಲ್ಲಿ ರಿವರ್ಬ್, ಡಿಲೇ ತುಂಬಿರುತ್ತವೆ. ಅದನ್ನು ಕೇಳಿ ಎಂಜಿನ್ ಅಳೆಯಲು ಆಗದು. ಹೋಲಿಸುವ ಎರಡೂ ಸಿಂಥ್‌ಗಳಲ್ಲಿ ಎಫೆಕ್ಟ್‌ಗಳನ್ನು ಬಂದ್ ಮಾಡಿ, ಒಂದೇ ಅಲೆ ಹಾಕಿ, ಒಂದೇ ಧಾಟಿ ನುಡಿಸಿ. ಸದ್ದಿನ ಮಟ್ಟ ಸಮ ಮಾಡುವುದು ಮುಖ್ಯ, ಜೋರಾಗಿ ಕೇಳುವುದೇ ಚೆನ್ನಾಗಿದೆ ಎಂದು ಕಿವಿ ಮೋಸ ಹೋಗುತ್ತದೆ. ಆಮೇಲೆ ಮೇಲಿನ ಸಪ್ತಕಕ್ಕೆ ಹೋಗಿ. ಕೀರಲು ಕಲಬೆರಕೆ ಕೇಳಿಸಿತೆ, ನಯವಾಗಿ ಉಳಿಯಿತೆ? ಸಿಂಥ್‌ಗಳ ನಡುವಿನ ನಿಜವಾದ ಅಂತರ ಅಲ್ಲಿ ಹೊರಬರುತ್ತದೆ. ಸೀರಮ್, ಪಿಗ್‌ಮೆಂಟ್ಸ್ ಎರಡಕ್ಕೂ ಪ್ರಾಯೋಗಿಕ ಆವೃತ್ತಿಗಳಿವೆ, ಈ ಪರೀಕ್ಷೆಗೆ ಅವು ಸಾಕು.

7. ನಮ್ಮ ನಾದದಿಂದ ನಿಮ್ಮದೇ ಟೇಬಲ್ ಮಾಡಿ

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇದು. ಜಗತ್ತಿನ ಎಲ್ಲರ ಹತ್ತಿರವೂ ಅದೇ ಪ್ರಿಸೆಟ್‌ಗಳಿವೆ. ಚಿಂಚಲಿ ಮಾಯಕ್ಕನ ಜಾತ್ರೆಯ ಡೊಳ್ಳು, ಕೊಕಟನೂರ ಯಲ್ಲಮ್ಮನ ಜಾತ್ರೆಯ ಚೌಡಿಕೆ, ಕರಡಿ ಮಜಲಿನ ಸನಾದಿ ಇರುವುದು ನಮ್ಮ ಹತ್ತಿರ.

ಸನಾದಿಯಿಂದ ಶುರು ಮಾಡಿ. ಅದರಲ್ಲಿ ಉಪಸ್ವರಗಳು ತುಂಬಿವೆ, ಸ್ವರವೂ ಗಟ್ಟಿಯಾಗಿ ನಿಲ್ಲುತ್ತದೆ. ಗದ್ದಲವಿಲ್ಲದ ಜಾಗದಲ್ಲಿ ನುಡಿಸುವವರಿಗೆ ಒಂದೇ ಸ್ವರವನ್ನು ಮೆಲ್ಲನೆ ಆರಂಭಿಸಿ ಜೋರಾಗುವಂತೆ ಊದಲು ಹೇಳಿ, ಗಮಕ ಬೇಡ. ಆ ಆಡಿಯೋ ತುಣುಕನ್ನು ವೈಟಲ್‌ನ ಆಸಿಲೇಟರ್ ಮೇಲೆ ಎಳೆದು ಬಿಟ್ಟರೆ ಅದನ್ನು ಟೇಬಲ್ ಮಾಡುವ ಬಗೆಗಳನ್ನು ಅದೇ ಮುಂದಿಡುತ್ತದೆ. ಒಂದೊಂದನ್ನೂ ಕೇಳಿ ನೋಡಿ. ಉಸಿರು ಏರಿದಂತೆ ಬದಲಾದ ಬಣ್ಣ ಈಗ ಒಂದು ಗುಂಡಿಯ ತಿರುವಿನಲ್ಲಿ ನಿಮ್ಮ ಕೈಯಲ್ಲಿರುತ್ತದೆ. ಅದನ್ನು ಕೀಬೋರ್ಡಿನ ಮಾಡ್ ವೀಲ್‌ಗೆ ಜೋಡಿಸಿ. ಸೀರಮ್‌ನಲ್ಲೂ ಹೀಗೆ ಆಡಿಯೋ ಒಳತರಬಹುದು. 2048 ಬಿಂದುಗಳ ಅಲೆಯಾಗಿ ಉಳಿಸಿದ ವೇವ್ ಕಡತವನ್ನು ವೈಟಲ್, ಸೀರಮ್ ಎರಡೂ ಓದುತ್ತವೆ, ನಾಳೆ ಸಿಂಥ್ ಬದಲಿಸಿದರೂ ನಿಮ್ಮ ಸಂಗ್ರಹ ಕಳೆದುಹೋಗುವುದಿಲ್ಲ.

ಡೊಳ್ಳು, ಹಲಗೆಗಳಿಂದ ಹೀಗೆ ಮಾಡಲು ಹೋಗಬೇಡಿ. ಅವುಗಳ ಜೀವ ಪೆಟ್ಟಿನಲ್ಲಿದೆ. ಒಂದೇ ಸುತ್ತನ್ನು ಮರಳಿ ಮರಳಿ ನುಡಿಸುವ ವೇವ್‌ಟೇಬಲ್‌ನಲ್ಲಿ ಆ ಪೆಟ್ಟು ಉಳಿಯುವುದಿಲ್ಲ. ಅವನ್ನು ಸ್ಯಾಂಪ್ಲರ್‌ಗೆ ಹಾಕಿ. ಚೌಡಿಕೆಯದು ಇನ್ನೊಂದು ಬಗೆ, ತಂತಿಯ ಬಿಗಿ ಏರಿಳಿದಂತೆ ಸ್ವರವೂ ಜಾರುತ್ತದೆ. ಅದನ್ನೂ ಸ್ಯಾಂಪಲ್ ಆಗಿಯೇ ಇಟ್ಟುಕೊಂಡು, ಆ ಜಾರುವಿಕೆಯನ್ನು ಪಿಚ್ ಬೆಂಡ್‌ನಿಂದ ನಿಮ್ಮ ಲೀಡ್‌ಗೆ ಕಲಿಸಿ.

ನುಡಿಸಿದವರಿಗೆ ಸಂಭಾವನೆ ಕೊಡಿ, ಹಾಡಿನ ಜೊತೆ ಅವರ ಹೆಸರು ಹಾಕಿ. ಅವರ ಒಪ್ಪಿಗೆ ಇಲ್ಲದೆ ಜಾತ್ರೆಯಲ್ಲಿ ಮೊಬೈಲಿನಿಂದ ಹಿಡಿದ ಸದ್ದನ್ನು ಮಾರಬೇಡಿ.

8. ಶ್ರುತಿಗೆ ಒಗ್ಗುವ ಸಿಂಥ್ ಆರಿಸಿ

ಸಾಂಗ್ಲಿಯ ಕೆ. ಬಿ. ದೇವಲ್ 1910ರಲ್ಲೇ 22 ಶ್ರುತಿಗಳ ಬಗ್ಗೆ ಪುಸ್ತಕ ಬರೆದಿದ್ದರು. ಮಿರಜಿನಲ್ಲಿ ನೆಲೆಸಿದ್ದ ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನ್ ದೇವಲರ ಶ್ರುತಿ ಪ್ರಯೋಗಗಳಿಗೆ ತಮ್ಮ ಕಂಠ ಕೊಟ್ಟರು. ಅಥಣಿಯ ಮಗ್ಗುಲಿನಲ್ಲೇ ನಡೆದ ಈ ಕೆಲಸ ಇಂದಿನ ಸಿಂಥ್‌ಗೂ ಸಂಬಂಧಿಸಿದ್ದು. ಕೀಬೋರ್ಡಿನ ಗಾಂಧಾರ ಷಡ್ಜದಿಂದ 400 ಸೆಂಟ್ (ಸ್ವರಾಂತರದ ಅಳತೆ) ದೂರ. ತಂಬೂರಿಯಲ್ಲಿ ತಾನಾಗಿ ಕೇಳಿಬರುವ ಗಾಂಧಾರ ಸುಮಾರು 386. ಹದಿನಾಲ್ಕು ಸೆಂಟಿನ ಈ ಅಂತರ ಭಜನೆಯಲ್ಲಿ ಪಳಗಿದ ಕಿವಿಗೆ ತಟ್ಟನೆ ಗೊತ್ತಾಗುತ್ತದೆ.

ಸರ್ಜ್ ಮತ್ತು ವೈಟಲ್ ಎರಡೂ ಸ್ಕಾಲಾ ಎಂಬ ಶ್ರುತಿ ಕಡತಗಳನ್ನು ಓದುತ್ತವೆ, ಸರ್ಜ್‌ನಲ್ಲಿ ಈ ಸೌಲಭ್ಯ ಇನ್ನೂ ವಿಸ್ತಾರವಾಗಿದೆ. ಆದರೆ ಯೂನಿಸನ್ ಡಿಟ್ಯೂನ್ ಅಗಲವಾಗಿಟ್ಟರೆ ಈ ಸೂಕ್ಷ್ಮವೆಲ್ಲ ಮುಚ್ಚಿಹೋಗುತ್ತದೆ. ರಾಗದ ಲೀಡ್‌ಗೆ ಒಂದೇ ದನಿ ಸಾಕು.

9. ಮೊಬೈಲಿನಲ್ಲೂ ಟ್ರ್ಯಾಕ್ಟರಿನಲ್ಲೂ ಕೇಳಿ

ನಿಮ್ಮ ಕೇಳುಗರು ಇರುವುದು ಅಲ್ಲೇ. 50 ಹರ್ಟ್ಸ್‌ನ ಶುದ್ಧ ಬೇಸ್ ಮೊಬೈಲ್ ಸ್ಪೀಕರಿನಲ್ಲಿ ಕೇಳಿಸುವುದೇ ಇಲ್ಲ. ವೇವ್‌ಟೇಬಲ್‌ನ ಜಾಗ ಸ್ವಲ್ಪ ಸರಿಸಿ ಉಪಸ್ವರ ಸೇರಿಸಿದರೆ ಬೇಸ್ ಅಲ್ಲೂ ಗುರುತು ಹತ್ತುತ್ತದೆ. ಎಡಬಲಕ್ಕೆ ಹರಡಿದ ಬೇಸ್ ಮೋನೋದಲ್ಲಿ ಒಂದನ್ನೊಂದು ಕಡಿದುಕೊಂಡು ಬಡವಾಗುತ್ತದೆ. ಆದ್ದರಿಂದ ಬೇಸನ್ನು ನಡುವೆ ಇಡಿ, ಮೋನೋ ಗುಂಡಿ ಒತ್ತಿ ಒಮ್ಮೆ ಪರೀಕ್ಷಿಸಿ.

10. ಕ್ರ್ಯಾಕ್ ಬೇಡ, ಸಾಲವೂ ಬೇಡ

ಕದ್ದ ಪ್ಲಗಿನ್ ಜೊತೆ ವೈರಸ್ ಬರಬಹುದು, ನಿಮ್ಮ ಹಾಡುಗಳಿರುವ ಹಾರ್ಡ್ ಡಿಸ್ಕ್ ಹೋಗಬಹುದು. ಉಚಿತವಾಗಿ ಇಷ್ಟು ಒಳ್ಳೆಯವು ಇರುವಾಗ ಅದಕ್ಕೆ ಯಾವ ಕಾರಣವೂ ಉಳಿದಿಲ್ಲ. ಸೀರಮ್ 2ರ ಪಟ್ಟಿ ಬೆಲೆ 249 ಡಾಲರ್, ಪಿಗ್‌ಮೆಂಟ್ಸ್ 199. ರೂಪಾಯಿಗೆ ತಿರುಗಿಸಿ ನೋಡಿ, ಮೇಲೆ ಶೇ. 18 ಜಿಎಸ್‌ಟಿಯೂ ಸೇರಬಹುದು. ವೈಟಲ್ ಪ್ಲಸ್‌ಗೆ 25 ಡಾಲರ್. ಹಾಡಿನಿಂದ ದುಡಿಮೆ ಬರತೊಡಗಿದ ಮೇಲೆ ಕೊಂಡರೆ ಸಾಕು. ಸೀರಮ್ ಅನ್ನು ತಿಂಗಳ ಕಂತಿನಲ್ಲಿ ಕಟ್ಟಿ ಸ್ವಂತ ಮಾಡಿಕೊಳ್ಳುವ ದಾರಿಯೂ ಇದೆ.

ನನ್ನ ತೀರ್ಪು ಕೇಳುವಿರಾದರೆ: ಸಾಧಾರಣ ಲ್ಯಾಪ್‌ಟಾಪ್ ಇರುವವರು ವೈಟಲ್ ಹಾಕಿಕೊಳ್ಳಿ, ತೀರ ಹಳೆಯ ಯಂತ್ರದವರು ಮತ್ತು ಶ್ರುತಿಯ ಬಗ್ಗೆ ಹಠವಿರುವವರು ಸರ್ಜ್ ಹಾಕಿಕೊಳ್ಳಿ. ಬೇರೆ ಊರಿನ ಸ್ಟುಡಿಯೋಗಳ ಜೊತೆ ಪ್ರಾಜೆಕ್ಟ್ ಹಂಚಿಕೊಳ್ಳುವ ಕೆಲಸ ಬಂದಾಗ ಮಾತ್ರ ಸೀರಮ್ ಕೊಳ್ಳಿ. ಒಂದು ವರ್ಷ ಒಂದೇ ಸಿಂಥ್ ಹಿಡಿದು ಕೂರಿ. ಈ ವಾರವೇ ನಿಮ್ಮೂರಿನ ಸನಾದಿಯವರನ್ನು ಮಾತಾಡಿಸಿ, ಒಂದು ಸ್ವರ ರೆಕಾರ್ಡ್ ಮಾಡಿಕೊಳ್ಳಿ.