ಕೈಯಿಂದ ಕೈಗೆ ಬರುವ ಚಿತ್ರಕಥೆಗಳು

ಚಿತ್ರಕಥೆಯೆಂದೊಡನೆ ನಮ್ಮಲ್ಲಿ ಬಹುಮಂದಿ ಮುಗುಳ್ನಗುತ್ತಾರೆ. ಅದು ಮಕ್ಕಳ ಓದು, ಮೀಸೆ ಮೂಡುವ ಮೊದಲೇ ಬಿಟ್ಟುಬಿಡತಕ್ಕದ್ದು ಎಂಬುದು ಸಾಮಾನ್ಯವಾದ ಅಭಿಪ್ರಾಯ. ಒಂದು ವರ್ಷದ ಹಿಂದೆ ಕೇಳಿದ್ದರೆ ನಾನೂ ಹಾಗೆಯೇ ಹೇಳುತ್ತಿದ್ದೆನು. ಬೆಂಗಳೂರಿನಲ್ಲಿ ಚಿತ್ರಕಥೆಯ ಅಭಿಮಾನಿಗಳು ನೆರೆದಿದ್ದ ಒಂದು ಸಮಾವೇಶದಲ್ಲಿ ಕಳೆದ ಮಧ್ಯಾಹ್ನವು ನನ್ನ ಈ ಅಭಿಪ್ರಾಯವನ್ನು ಬದಲಿಸಿತು. ಅಲ್ಲಿ ಕಂಡದ್ದನ್ನೂ, ಕಂಡ ಮೇಲೆ ಗ್ರಂಥಾಲಯದಲ್ಲಿ ಕುಳಿತು ತಿಳಿದುಕೊಂಡದ್ದನ್ನೂ, ತಿಳಿದ ಮೇಲೆ ಮಾಡಿದ್ದನ್ನೂ ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ನಾನು ರಾಮನಗರದವಳು. ನನ್ನ ಅವ್ವ ರೇಷ್ಮೆಯ ನೂಲು ಬಿಚ್ಚಾಣಿಕೆಯ ಘಟಕವೊಂದರಲ್ಲಿ ಕೆಲಸ ಮಾಡುತ್ತಾಳೆ. ಅವಳಿಗೆ ಓದುಬರಹ ಬಾರದು. ಈ ಎರಡು ಸಂಗತಿಗಳು ಮುಂದೆ ಬೇಕಾಗುವುದರಿಂದ ಇಲ್ಲಿಯೇ ಹೇಳಿದ್ದೇನೆ.

ಸಮಾವೇಶಕ್ಕೆ ನನ್ನನ್ನು ಕರೆದೊಯ್ದವಳು ನನ್ನ ಗೆಳತಿ. ಬೆಳಗಿನ ರೈಲಿನಲ್ಲಿ ಬೆಂಗಳೂರು ಸೇರಿ, ಅಲ್ಲಿಂದ ಮೆಟ್ರೋ ಹಿಡಿದು ಹೋದೆವು. ಒಳಗೆ ಕಾಲಿಟ್ಟೊಡನೆ ನನಗೆ ಊರಜಾತ್ರೆಯ ನೆನಪಾಯಿತು. ಹಗಲುವೇಷದವರಂತೆ ಬಣ್ಣದ ಉಡುಪು ತೊಟ್ಟ ತರುಣ ತರುಣಿಯರು, ಆಳೆತ್ತರದ ಗೊಂಬೆಗಳು, ದೊಡ್ಡ ಸಂಸ್ಥೆಗಳ ದೀಪಾಲಂಕಾರದ ಮಳಿಗೆಗಳು, ಕಿವಿಗಡಚಿಕ್ಕುವ ಸಂಗೀತ. ಅರ್ಧ ಗಂಟೆಯಲ್ಲಿ ನನಗೆ ತಲೆನೋವು ಬಂದಿತು. ಕುಳಿತುಕೊಳ್ಳಲು ಸ್ಥಳ ಹುಡುಕುತ್ತ ನಾನು ಒಂದು ಮೂಲೆಗೆ ಬಂದೆ. ಅಲ್ಲಿ ಬಟ್ಟೆ ಹಾಸಿದ ಸಣ್ಣ ಮೇಜುಗಳು ಸಾಲಾಗಿದ್ದವು. ಪ್ರತಿ ಮೇಜಿನ ಹಿಂದೆ ಒಬ್ಬಿಬ್ಬರು ಕುಳಿತಿದ್ದರು. ಮುಂದೆ ತೆಳ್ಳನೆಯ ಪುಸ್ತಿಕೆಗಳ ಕಟ್ಟುಗಳಿದ್ದವು. ಅವರೇ ಬರೆದವರು, ಅವರೇ ಚಿತ್ರ ಬಿಡಿಸಿದವರು, ಅವರೇ ಅಚ್ಚು ಹಾಕಿಸಿದವರು, ಮಾರುತ್ತಿದ್ದವರೂ ಅವರೇ.

ನಾನು ಒಂದು ಮೇಜಿನ ಮುಂದೆ ನಿಂತು, ಕಪ್ಪು ಬಿಳುಪಿನ ಪುಸ್ತಿಕೆಯೊಂದನ್ನು ಕೈಗೆತ್ತಿಕೊಂಡೆ. ಹದಿನಾರು ಪುಟ, ನಡುವೆ ಎರಡು ಪಿನ್ನುಗಳು, ಬೆಲೆ ಐವತ್ತು ರೂಪಾಯಿ. ಒಳಗೆ ಒಂದಕ್ಷರವೂ ಇರಲಿಲ್ಲ. ಬೆಳಗಾಗುವ ಮುನ್ನ ಬೀದಿ ಗುಡಿಸುವ ಪೌರಕಾರ್ಮಿಕಳೊಬ್ಬಳ ಒಂದು ದಿನ ಅದರ ವಸ್ತು. ಗುಡಿಸುತ್ತಾಳೆ, ಚಹಾ ಕುಡಿಯುತ್ತಾಳೆ, ಮನೆಗೆ ಹೋಗುತ್ತಾಳೆ. ರಾತ್ರಿ ಅದೇ ಬೀದಿಯಲ್ಲಿ ಉತ್ಸವ ಸಾಗುತ್ತದೆ. ಮರುದಿನ ಬೆಳಿಗ್ಗೆ ಅವಳು ಮತ್ತೆ ಪೊರಕೆ ಎತ್ತಿಕೊಳ್ಳುತ್ತಾಳೆ. ಅಷ್ಟೆ. ವೀರನಿಲ್ಲ, ಖಳನಿಲ್ಲ, ಯುದ್ಧವಿಲ್ಲ. ಇಂಥ ಕಥೆಯನ್ನು ಯಾವ ದೊಡ್ಡ ಪ್ರಕಾಶಕರು ತೆಗೆದುಕೊಂಡಾರು ಎಂದು ಮೇಜಿನ ಹಿಂದಿದ್ದ ತರುಣನನ್ನು ಕೇಳಿದೆ. ಅವರು ನಕ್ಕು, ತಾವು ಯಾರನ್ನೂ ಕೇಳಲೇ ಇಲ್ಲವೆಂದರು. ಆ ಉತ್ತರವು ನನ್ನ ಮನಸ್ಸಿನಲ್ಲಿ ನಾಟಿತು.

ಸ್ವತಂತ್ರ ಚಿತ್ರಕಥೆ ಎಂದರೇನು?

ದೊಡ್ಡ ಸಂಸ್ಥೆಗಳ ಚಿತ್ರಕಥೆಯಲ್ಲಿ ಕಥೆ ಬರೆಯುವವರು ಒಬ್ಬರು, ಪೆನ್ಸಿಲಿನಿಂದ ಬಿಡಿಸುವವರು ಇನ್ನೊಬ್ಬರು, ಮಸಿ ಹಚ್ಚುವವರು ಮತ್ತೊಬ್ಬರು, ಬಣ್ಣ ತುಂಬುವವರು ಮಗದೊಬ್ಬರು. ಪಾತ್ರದ ಒಡೆತನವು ಸಾಮಾನ್ಯವಾಗಿ ಸಂಸ್ಥೆಯದು. ಏನನ್ನು ಬರೆಯಬೇಕೆಂದು ನಿರ್ಧರಿಸುವುದೂ ಸಂಸ್ಥೆಯೇ. ಸ್ವತಂತ್ರ ಚಿತ್ರಕಥೆಯಲ್ಲಿ ಕಥೆಯೂ ನಷ್ಟವೂ ಮಾಡಿದವನವೇ. ಅನೇಕರು ಅದನ್ನು ಕಪ್ಪು ಬಿಳುಪಿನಲ್ಲಿಯೇ ತೆಗೆಯುವುದು ಕಲೆಯ ಹಟದಿಂದಲ್ಲ, ಬಣ್ಣದ ಅಚ್ಚಿಗೆ ಹಣವಿಲ್ಲದ್ದರಿಂದ. ಆದರೆ ಬಡತನದಿಂದ ಹುಟ್ಟಿದ ಈ ಕ್ರಮವೇ ಅದಕ್ಕೊಂದು ಕಳೆಯನ್ನು ಕೊಟ್ಟಿದೆ.

ಇಂಥ ಪುಸ್ತಿಕೆಗಳಿಗೂ ಅಭಿಮಾನಿಗಳ ಸಮಾವೇಶಗಳಿಗೂ ಹಳೆಯ ನಂಟು. ಅಂಗಡಿಯವನು ಹೆಸರು ಕೇಳದ ಪುಸ್ತಕವನ್ನು ಕಪಾಟಿನಲ್ಲಿಡಲು ಹಿಂಜರಿಯುತ್ತಾನೆ. ಸಮಾವೇಶದಲ್ಲಿಯಾದರೋ ಓದುಗನೇ ಮೇಜಿನ ಬಳಿಗೆ ಬರುತ್ತಾನೆ. ಜಪಾನಿನ ಟೋಕಿಯೋ ನಗರದಲ್ಲಿ 1975ರ ಡಿಸೆಂಬರಿನಲ್ಲಿ 'ಕಾಮಿಕ್ ಮಾರ್ಕೆಟ್' ಎಂಬ ಸಂತೆಯೊಂದು ಮೊದಲ ಬಾರಿಗೆ ನೆರೆಯಿತು. ಅಂದು ಮೇಜು ಹಾಕಿದ್ದು 32 ತಂಡಗಳು. ಬಂದವರು ಸುಮಾರು 700 ಮಂದಿ. ಹವ್ಯಾಸಿಗಳು ತಾವೇ ಅಚ್ಚು ಹಾಕಿಸಿದ ಪುಸ್ತಿಕೆಗಳನ್ನು ಮಾರುವ ಆ ಸಂತೆಗೆ ಈಗ ಜನ ಲಕ್ಷಗಟ್ಟಲೆಯಲ್ಲಿ ಸೇರುತ್ತಾರೆ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಪೋರ್ಟ್ಸ್‌ಮತ್ ಎಂಬ ಊರಿನಲ್ಲಿ 1984ರ ಮೇ ತಿಂಗಳಲ್ಲಿ ನಡೆದ ಚಿಕ್ಕ ಸಮಾವೇಶವೊಂದರಲ್ಲಿ ಕೆವಿನ್ ಈಸ್ಟ್‌ಮನ್, ಪೀಟರ್ ಲೇರ್ಡ್ ಎಂಬ ಇಬ್ಬರು ಗೆಳೆಯರು ತಮ್ಮ ಕಪ್ಪು ಬಿಳುಪಿನ ಪುಸ್ತಿಕೆಯನ್ನು ಬಿಡುಗಡೆ ಮಾಡಿದರು. ತೆರಿಗೆಯಿಂದ ಮರಳಿ ಬಂದ ಹಣ, ಈಸ್ಟ್‌ಮನ್‌ನ ಮಾವನೊಬ್ಬನಿಂದ ತಂದ ಸಾಲ, ಇವೆರಡೇ ಬಂಡವಾಳ. ಅಚ್ಚಾದದ್ದು ಮೂರು ಸಾವಿರದಷ್ಟು ಪ್ರತಿಗಳು. ಆಯುಧ ಹಿಡಿದು ಹೋರಾಡುವ ನಾಲ್ಕು ಆಮೆಗಳ ಆ ಕಥೆಯು ಮುಂದೆ 'ನಿಂಜಾ ಟರ್ಟಲ್ಸ್' ಎಂಬ ಹೆಸರಿನಲ್ಲಿ ಜಗತ್ತಿನ ಮಕ್ಕಳಿಗೆಲ್ಲ ಪರಿಚಿತವಾಯಿತು.

ಈ ಆಮೆಗಳ ಭಾಗ್ಯ ಎಲ್ಲರಿಗೂ ಬರುವುದಿಲ್ಲ, ಬರಬೇಕಾದದ್ದೂ ಇಲ್ಲ. ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆದವನು ಹಾರ್ವೆ ಪೀಕಾರ್. ಅಮೆರಿಕದ ಕ್ಲೀವ್‌ಲೆಂಡ್ ನಗರದಲ್ಲಿ ಮಾಜಿ ಸೈನಿಕರ ಆಸ್ಪತ್ರೆಯೊಂದರಲ್ಲಿ ಕಡತಗಳನ್ನು ಜೋಡಿಸಿಡುವ ಗುಮಾಸ್ತನಾತ. ಆತನಿಗೆ ಚಿತ್ರ ಬಿಡಿಸಲು ಬರುತ್ತಿರಲಿಲ್ಲ. ಆದರೂ ಚೌಕಗಳನ್ನು ಗೀಚಿ, ಅವುಗಳಲ್ಲಿ ಕಡ್ಡಿಗೊಂಬೆಗಳನ್ನು ನಿಲ್ಲಿಸಿ, ಮಾತುಗಳನ್ನು ಬರೆದು, ಚಿತ್ರಗಾರರ ಕೈಗೆ ಕೊಟ್ಟನು. ಅವರಲ್ಲಿ ಮೊದಲಿಗರಲ್ಲೊಬ್ಬ ಪ್ರಸಿದ್ಧನಾದ ರಾಬರ್ಟ್ ಕ್ರಂಬ್. 1976ರಲ್ಲಿ ತನ್ನ ಸ್ವಂತ ಖರ್ಚಿನಿಂದ 'ಅಮೆರಿಕನ್ ಸ್ಪ್ಲೆಂಡರ್' ಎಂಬ ಪುಸ್ತಿಕೆಯನ್ನು ಹೊರತಂದನು. ಅದರಲ್ಲಿ ಇದ್ದುದು ಆತನ ಕಚೇರಿ, ಆತನ ಬಸ್ಸು, ಅಂಗಡಿಯ ಸಾಲು, ಸಹೋದ್ಯೋಗಿಗಳ ಹರಟೆ. ಹಲವು ವರ್ಷ ಕೈಯಿಂದಲೇ ಹಣ ಹಾಕಿದರೂ ಕೆಲಸವನ್ನು ಬಿಡದೆ ಪುಸ್ತಿಕೆಯನ್ನೂ ನಿಲ್ಲಿಸದೆ ನಡೆಸಿದನು. ಸಾಮಾನ್ಯನ ಬದುಕೂ ಚಿತ್ರಕಥೆಗೆ ತಕ್ಕ ವಸ್ತುವೆಂದು ತೋರಿಸಿದ ಕೀರ್ತಿಯಲ್ಲಿ ಈ ಗುಮಾಸ್ತನಿಗೆ ದೊಡ್ಡ ಪಾಲಿದೆ.

ನಮ್ಮ ದೇಶ, ನಮ್ಮ ನಾಡು

ನಮ್ಮ ದೇಶದಲ್ಲಿ ಒರಿಜಿತ್ ಸೇನ್ ಅವರು ನರ್ಮದಾ ಕಣಿವೆಯ ಅಣೆಕಟ್ಟಿನ ವಿಚಾರವನ್ನು ವಸ್ತುವಾಗಿಸಿಕೊಂಡು 1994ರಲ್ಲಿ 'ರಿವರ್ ಆಫ್ ಸ್ಟೋರೀಸ್' ಎಂಬ ಚಿತ್ರಕೃತಿಯನ್ನು ಹೊರತಂದರು. ಅದನ್ನು ಪ್ರಕಟಿಸಿದ್ದು ಪುಸ್ತಕ ವ್ಯಾಪಾರದ ಸಂಸ್ಥೆಯಲ್ಲ. ಪರಿಸರದ ಕೆಲಸ ಮಾಡುವ 'ಕಲ್ಪವೃಕ್ಷ'. ಬೆಂಗಳೂರಿನಲ್ಲಿಯೇ 'ಮಾಂಟಾ ರೇ' ಎಂಬ ಚಿಕ್ಕ ಸಂಸ್ಥೆಯು 2010ರಲ್ಲಿ 'ಹಶ್' ಎಂಬ, ಮಾತೇ ಇಲ್ಲದ ಚಿತ್ರಕಥೆಯನ್ನು ಪ್ರಕಟಿಸಿತು. ಆಮೇಲೆ ದೆಹಲಿಯಲ್ಲಿ 2011ರಲ್ಲಿಯೂ ಬೆಂಗಳೂರಿನಲ್ಲಿ 2012ರಲ್ಲಿಯೂ ದೊಡ್ಡ ಚಿತ್ರಕಥಾ ಸಮಾವೇಶಗಳು ಮೊದಲಾದುವು.

ಇಷ್ಟಾದರೂ ನಾನು ಅಂದು ಸುತ್ತಿದ ಮೇಜುಗಳಲ್ಲಿ ಕನ್ನಡದ ಪುಸ್ತಿಕೆ ನನ್ನ ಕಣ್ಣಿಗೆ ಒಂದೂ ಬೀಳಲಿಲ್ಲ. ಇದು ಸಮಾವೇಶ ನಡೆಸಿದವರ ತಪ್ಪೆಂದು ನಾನು ಹೇಳಲಾರೆ. ಬರೆದು ಒಯ್ದವರಿದ್ದರೆ ತಾನೆ ಮೇಜಿನ ಮೇಲೆ ಇರುವುದು! ಹಾಗೆಂದು ನಮಗೆ ಪರಂಪರೆಯಿಲ್ಲವೆ? 1942ರಲ್ಲಿ ಡಾ. ಎಂ. ಶಿವರಾಂ ಅವರು, ಎಂದರೆ ನಮ್ಮೆಲ್ಲರ 'ರಾಶಿ'ಯವರು, ವೈದ್ಯವೃತ್ತಿಯ ನಡುವೆಯೇ 'ಕೊರವಂಜಿ' ಹಾಸ್ಯಪತ್ರಿಕೆಯನ್ನು ಆರಂಭಿಸಿ ಇಪ್ಪತ್ತೈದು ವರ್ಷ ನಡೆಸಿದರು. ಮೈಸೂರಿನ ಆರ್. ಕೆ. ಲಕ್ಷ್ಮಣ್ ತಮ್ಮ ವಿದ್ಯಾರ್ಥಿದೆಸೆಯಲ್ಲಿ ಅದಕ್ಕೆ ಚಿತ್ರ ಬರೆದರು. 'ಅಮರ ಚಿತ್ರಕಥೆ'ಯ ಮಾತನ್ನೂ ಇಲ್ಲಿ ನೆನೆಯಬಹುದು. ಅದರ ಇಂಗ್ಲಿಷ್ ಪಟ್ಟಿ ಒಂದರಿಂದಲ್ಲ, ಹನ್ನೊಂದನೆಯ ಸಂಖ್ಯೆಯ 'ಕೃಷ್ಣ'ನಿಂದ ಮೊದಲಾಗುತ್ತದೆ. ಮೊದಲ ಹತ್ತು ಪುಸ್ತಕಗಳು 1965ರಲ್ಲಿ ಕನ್ನಡದಲ್ಲಿ ಬಂದುದೇ ಇದಕ್ಕೆ ಕಾರಣವೆಂದು ಇಂಡಿಯಾ ಬುಕ್ ಹೌಸಿನ ಬೆಂಗಳೂರು ಶಾಖೆಯಲ್ಲಿದ್ದ ಜಿ. ಕೆ. ಅನಂತರಾಮ್ ಅವರು ಹೇಳಿದ್ದಾರೆ. ಹೀಗಿರಲು, ನಮ್ಮ ಮೇಜು ಬರಿದಾಗಿರಬೇಕಾದ ಕಾರಣವಿಲ್ಲ.

ಅವ್ವ ಓದಿದ್ದು

ಅಂದು ರಾತ್ರಿ ಮನೆಗೆ ಬಂದು ಕೊಂಡು ತಂದ ಪುಸ್ತಿಕೆಯನ್ನು ಮಂಚದ ಮೇಲಿಟ್ಟು ಊಟಕ್ಕೆ ಎದ್ದೆ. ಕೈ ತೊಳೆದು ಬರುವಷ್ಟರಲ್ಲಿ ಅವ್ವ ಅದನ್ನು ಕೈಗೆತ್ತಿಕೊಂಡು ದೀಪದ ಕೆಳಗೆ ಕುಳಿತಿದ್ದಳು. ನನ್ನ ಪುಸ್ತಕಗಳನ್ನು ಧೂಳು ಒರೆಸಿ ಜೋಡಿಸಿಡುವುದನ್ನುಳಿದು ಅವಳು ಎಂದೂ ತೆರೆದವಳಲ್ಲ. ಈಗ ಒಂದೊಂದೇ ಪುಟವನ್ನು ತಿರುವುತ್ತಿದ್ದಳು. ಆ ಹೆಂಗಸು ಕಾಲುದಾರಿಯ ಅಂಚಿನಲ್ಲಿ ಕುಳಿತು ಚಹಾ ಕುಡಿಯುವ ಪುಟದಲ್ಲಿ ಬಹಳ ಹೊತ್ತು ನಿಂತಳು.

"ಪಾಪ, ಕಾಲು ನೋಯ್ತಾ ಐತೆ ಇವಳಿಗೆ. ಚಪ್ಪಲಿ ಬಿಟ್ಟು ಕೂತವಳೆ ನೋಡು" ಎಂದಳು.

ನಾನು ಬಗ್ಗಿ ನೋಡಿದೆ. ನಿಜ. ಚಿತ್ರದ ಕೆಳಮೂಲೆಯಲ್ಲಿ ಎರಡು ಚಪ್ಪಲಿಗಳು ಪಕ್ಕಕ್ಕೆ ಸರಿದಿದ್ದವು. ರೈಲಿನಲ್ಲಿ ಎರಡು ಬಾರಿ ಓದಿದ್ದ ನಾನು, ಬಿ.ಎ. ತರಗತಿಯ ವಿದ್ಯಾರ್ಥಿನಿ, ಅದನ್ನು ಕಂಡಿರಲಿಲ್ಲ.

ಚಿತ್ರಕಥೆಯನ್ನು ಕುರಿತ ಗ್ರಂಥಗಳಲ್ಲಿ ಒಂದು ಮಾತು ಬರುತ್ತದೆ: ಎರಡು ಚೌಕಗಳ ನಡುವಿನ ಖಾಲಿ ಜಾಗದಲ್ಲಿ ನಡೆಯುವುದನ್ನು ಓದುಗನೇ ತುಂಬಿಕೊಳ್ಳಬೇಕು. ಸ್ಕಾಟ್ ಮೆಕ್ಲೌಡ್ ಎಂಬಾತ 1993ರಲ್ಲಿ ಚಿತ್ರಕಥೆಯ ರೂಪದಲ್ಲಿಯೇ ಬರೆದ ಶಾಸ್ತ್ರಗ್ರಂಥದಲ್ಲಿ ಇದನ್ನು ವಿವರಿಸಿದ್ದಾನೆ. ಒಂದು ಚೌಕದಲ್ಲಿ ಎತ್ತಿದ ಕೈ, ಮುಂದಿನದರಲ್ಲಿ ಒಡೆದ ಮಡಕೆ, ಹೊಡೆದವನು ಓದುಗ. ನಾನು ಆ ಮಾತನ್ನು ಓದಿದ್ದು ಆಮೇಲೆ. ಆದರೆ ಅದರ ಅರ್ಥವನ್ನು ಅವ್ವ ನನಗೆ ಅಂದೇ ಕಲಿಸಿದ್ದಳು. ಖಾಲಿ ಜಾಗವನ್ನು ತುಂಬುವುದಕ್ಕೆ ಅಕ್ಷರ ಬೇಡ. ದಿನವಿಡೀ ನಿಂತು ಕಾಲು ನೋಯಿಸಿಕೊಂಡ ಅನುಭವ ಸಾಕು.

ನಾವು ಮಾಡಿದ್ದು

ಪುಸ್ತಿಕೆ ಕಟ್ಟುವ ಕ್ರಮವನ್ನು ಆ ತರುಣರೇ ನನಗೆ ಹೇಳಿಕೊಟ್ಟಿದ್ದರು. ನಾಲ್ಕು ಹಾಳೆಗಳ ಎರಡೂ ಬದಿಯಲ್ಲಿ ಅಚ್ಚು ಮಾಡಿ ನಡುವೆ ಮಡಿಸಿದರೆ ಹದಿನಾರು ಪುಟಗಳಾಗುತ್ತವೆ. ಒಂದು ಹಾಳೆಗೆ ನಾಲ್ಕು ಪುಟ. ಆದುದರಿಂದ ಪುಟಗಳ ಸಂಖ್ಯೆ ಯಾವಾಗಲೂ ನಾಲ್ಕರ ಲೆಕ್ಕದಲ್ಲಿರಬೇಕು. ಇದಕ್ಕಿಂತಲೂ ಸುಲಭವಾದದ್ದು ಒಂದೇ ಹಾಳೆಯ ಪುಸ್ತಿಕೆ. ಹಾಳೆಯನ್ನು ಎಂಟು ಸಮಭಾಗವಾಗಿ ಮಡಿಸಿ ಬಿಡಿಸಬೇಕು. ಈಗ ನಾಲ್ಕು ನಾಲ್ಕು ಮನೆಗಳ ಎರಡು ಸಾಲುಗಳಾಗುತ್ತವೆ. ಎರಡು ಸಾಲುಗಳ ನಡುವಿನ ಗೆರೆಯನ್ನು, ಮಧ್ಯದ ಎರಡು ಮನೆಗಳ ಉದ್ದಕ್ಕೆ ಮಾತ್ರ, ಕತ್ತರಿಸಬೇಕು. ಆ ಗೆರೆಯ ಮೇಲೆಯೇ ಹಾಳೆಯನ್ನು ಉದ್ದಕ್ಕೆ ಮಡಿಸಿ ಎರಡು ತುದಿಗಳನ್ನು ಒಳಕ್ಕೆ ಒತ್ತಿದರೆ ಸೀಳು ಬಾಯಿಬಿಟ್ಟು, ಹೊಲಿಗೆಯೂ ಪಿನ್ನೂ ಇಲ್ಲದೆ ಎಂಟು ಪುಟಗಳ ಪುಸ್ತಿಕೆಯಾಗುತ್ತದೆ. ಯಾವ ಪುಟ ಎಲ್ಲಿ ಬರುತ್ತದೆಂಬ ಗೊಂದಲವಿದ್ದರೆ, ಮೊದಲು ಖಾಲಿ ಹಾಳೆಯನ್ನು ಹೀಗೆ ಮಡಿಸಿ, ಪುಟಸಂಖ್ಯೆ ಬರೆದು, ಬಿಡಿಸಿ ನೋಡಿದರೆ ತಾನೇ ತಿಳಿಯುತ್ತದೆ. ಒಂದು ಸಾಲಿನ ಚಿತ್ರಗಳು ತಲೆಕೆಳಗಾಗಿರುತ್ತವೆ, ಅದು ಸರಿಯೇ.

ನನಗೂ ಚಿತ್ರ ಬಾರದು. ಪೀಕಾರನ ದಾರಿ ಹಿಡಿದು ಕಡ್ಡಿಗೊಂಬೆಗಳಲ್ಲಿ ಅವ್ವನ ಒಂದು ದಿನವನ್ನು ಬರೆದೆ. ಗೆಳತಿ ಅದನ್ನು ಚಿತ್ರವಾಗಿಸಿದಳು. ಜೆರಾಕ್ಸ್ ಅಂಗಡಿಯಲ್ಲಿ ಒಂದು ಬದಿಗೆ ಎರಡು ರೂಪಾಯಿಯಂತೆ ನಲವತ್ತು ಪ್ರತಿಗೆ ಎಂಬತ್ತು ರೂಪಾಯಿ ಆಯಿತು. ಮೊದಲ ಪ್ರತಿಯನ್ನು ಹೆಮ್ಮೆಯಿಂದ ಅವ್ವನ ಕೈಗೆ ಕೊಟ್ಟೆ.

ಅವಳು ನೋಡಿ ತಲೆಯಲ್ಲಾಡಿಸಿದಳು. "ನೂಲು ಹಿಡಿಯೋ ಕೈ ಹಿಂಗಿರಾಕಿಲ್ಲ ಕಣವ್ವ" ಎಂದು ತನ್ನ ಕೈ ಚಾಚಿ ತೋರಿಸಿದಳು. ಬಿಸಿನೀರಿನಲ್ಲಿ ಗೂಡಿನ ಎಳೆ ಹುಡುಕಿ ಹುಡುಕಿ ಬೆರಳ ತುದಿಗಳು ಬಿಳಿಚಿ ಸುಕ್ಕುಗಟ್ಟಿದ್ದವು. ಆ ಕೈಯಿಂದ ಉಂಡು ಬೆಳೆದ ನಾನು ಅದನ್ನು ಸರಿಯಾಗಿ ನೋಡಿರಲಿಲ್ಲ. ಆಮೇಲೆ ಅವಳು ಮತ್ತೊಂದು ಮಾತು ಕೇಳಿದಳು: "ಇವಳ್ಯಾಕೆ ಒಬ್ಬಳೇ ಕೂತವಳೆ? ನಾವು ಆರು ಜನ ಇರ್ತೀವಲ್ಲ."

ನಾವು ಎಲ್ಲವನ್ನೂ ಮತ್ತೆ ಬರೆದೆವು. ಗೆಳತಿ ಒಂದು ಭಾನುವಾರವಿಡೀ ಅವ್ವನ ಎದುರು ಕುಳಿತು ಕೈಗಳನ್ನೇ ಬಿಡಿಸಿದಳು. ಎರಡನೆಯ ಮುದ್ರಣದಲ್ಲಿ ಆರು ಹೆಂಗಸರಿದ್ದಾರೆ. ಮೊದಲ ಆರು ಪ್ರತಿಗಳು ಅವರ ಮನೆ ಸೇರಿದವು. ಅವರಲ್ಲೊಬ್ಬಾಕೆ ತನ್ನ ಪ್ರತಿಯನ್ನು ದೇವರ ಪಟದ ಪಕ್ಕದಲ್ಲಿಟ್ಟಿದ್ದಾಳೆಂದು ಅವ್ವ ಹೇಳಿದಳು.

ಸಹಪಾಠಿಗಳೇ, ನಮ್ಮಲ್ಲಿ ಅನೇಕರ ಮನೆಗಳಲ್ಲಿ ನಾವೇ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರು. ನಾವು ಓದುವುದನ್ನು ನಮ್ಮ ಹಿರಿಯರು ಓದಲಾರರು. ಅವರು ಬಲ್ಲದ್ದನ್ನು ನಮ್ಮ ಪಠ್ಯಗಳು ಹೇಳುವುದಿಲ್ಲ. ಈ ಎರಡರ ನಡುವಿನ ಅಂತರವನ್ನು ಎರಡು ರೂಪಾಯಿಯ ಒಂದು ಹಾಳೆಯು ಕೊಂಚವಾದರೂ ಕಡಿಮೆ ಮಾಡಬಲ್ಲದೆಂಬುದು ನನ್ನ ಅನುಭವ. ನಮ್ಮ ಕಾಲೇಜಿನ ಭಿತ್ತಿಪತ್ರಿಕೆಯ ಪಕ್ಕದಲ್ಲಿ ಒಂದು ಹಳೆಯ ಮೇಜಿದೆ. ಗೆಳತಿಯೂ ನಾನೂ ಪ್ರತಿ ಶನಿವಾರ ಮಧ್ಯಾಹ್ನ ಅಲ್ಲಿರುತ್ತೇವೆ. ಹಾಳೆ, ಕತ್ತರಿ ನಮ್ಮಲ್ಲಿವೆ. ಕಥೆಯನ್ನು ನೀವು ಮನೆಯಿಂದ ತನ್ನಿ. ತರುವ ಮುನ್ನ ಮನೆಯವರಿಗೆ ಒಮ್ಮೆ ತೋರಿಸಿ ತನ್ನಿ.