ನಿಂತ ಗಾಡಿಗೂ ಖರ್ಚು ಓಡುತ್ತದೆ

ಗೂಡ್ಸ್ ವ್ಯಾನಿನ ಪವರ್ ಮಾಡ್ಯೂಲ್ ಕೆಟ್ಟು ಹೊಸದಕ್ಕೆ 38 ಸಾವಿರ ಕೊಟ್ಟೆ ಎಂದಾಗ ನಮ್ಮ ಭಾವ ಕೇಳಿದ್ದು ಒಂದೇ ಮಾತು: "ಗುಜರೀಲಿ ಸಿಗ್ತಿರಲಿಲ್ವಾ?" ಸಿಗುತ್ತಿತ್ತು. ಆದರೆ ಇನ್ನೊಂದು ಗಾಡಿಯ ಡಬ್ಬ ತಂದು ಕೂರಿಸಿದರೆ ನಮ್ಮ ಕೀ ಅದಕ್ಕೆ ಗುರುತು ಸಿಗದು; ಚಾಸಿ ನಂಬರಿಗೆ ಹೊಂದಿಸಿ ಪ್ರೋಗ್ರಾಂ ಮಾಡಲು ಹೋದರೆ ಹಳೆಯದು ಎಷ್ಟೋ ಸಲ ಜಗ್ಗುವುದೇ ಇಲ್ಲ. ಉಳಿದ ದಾರಿ ಎರಡು: ಹೊಸದು, ಇಲ್ಲವೇ ನಮ್ಮ ಡಬ್ಬದ ಕೆಟ್ಟ ಬೋರ್ಡನ್ನೇ ಬೆಂಗಳೂರಿನ ಜೆ.ಸಿ. ರಸ್ತೆಗೆ ಕಳಿಸಿ ರಿಪೇರಿ. ರಿಪೇರಿಗೆ 9 ಸಾವಿರ.

29 ಸಾವಿರ ಉಳೀತಲ್ಲ ಅನ್ನುವವರು ಬಾಡಿಗೆ ಗಾಡಿ ಇಟ್ಟವರಿರಲಾರರು. ಬೋರ್ಡ್ ವಾಪಸ್ ಬರಲು ಹತ್ತು ದಿನ, ಹೊಸದಕ್ಕೆ ಎರಡು. ತುಮಕೂರು–ಯಶವಂತಪುರ ತರಕಾರಿ ಬಾಡಿಗೆಯಲ್ಲಿ ದಿನಕ್ಕೆ 3,200 ಬರುತ್ತದೆ. ಡೀಸೆಲ್, ಟೋಲಿಗೆ 1,200. ಉಳಿದ 2,000ದಲ್ಲಿ ಡ್ರೈವರಿಗೆ 700, ಕಂತಿಗೆ 600, ನನ್ನ ಕೈಗೆ 700. ಗಾಡಿ ನಿಂತರೆ ದಿನಕ್ಕೆ 700 ಹೋಯಿತು ಎಂದು ಬಹಳ ಮಂದಿ ಎಣಿಸುತ್ತಾರೆ. ಸಂಬಳ, ಕಂತು ಯಾರು ಕೊಡುತ್ತಾರೆ? ನಿಂತ ದಿನದ ನಷ್ಟ ಪೂರ್ತಿ 2,000. ಹಾಗಾಗಿ ರಿಪೇರಿಗೆ 9,000 + 20,000 = 29,000. ಹೊಸದಕ್ಕೆ 38,000 + 4,000 = 42,000.

ಈಗಲೂ ರಿಪೇರಿಯೇ 13 ಸಾವಿರ ಅಗ್ಗ. ಆದರೆ ಅದು ಮತ್ತೆ ಕೈಕೊಟ್ಟರೆ ಇದೇ 42 ಸಾವಿರ ಆಗ ಸುರಿಯಬೇಕು. 13ನ್ನು 42ರಿಂದ ಭಾಗಿಸಿ: 0.31. ಹತ್ತರಲ್ಲಿ ಮೂರಕ್ಕಿಂತ ಹೆಚ್ಚು ಬೋರ್ಡ್ ಮತ್ತೆ ಕೆಡುತ್ತವೆ ಅನ್ನಿಸಿದರೆ ಹೊಸದೇ ಲಾಭ. ಮೆಕ್ಯಾನಿಕ್ ಡಬ್ಬ ಬಿಚ್ಚಿ ತೋರಿಸಿದ: ಕನೆಕ್ಟರ್ ಪಿನ್ನುಗಳ ಬುಡಕ್ಕೆಲ್ಲ ಹಸಿರು ಕಿಲುಬು, ರಿಲೇ ಪಕ್ಕದ ತಾಮ್ರದ ಗೆರೆ ಕಪ್ಪಾಗಿ ಮೇಲೆದ್ದಿತ್ತು. ರಿಪೇರಿಯವರ ಗ್ಯಾರಂಟಿ ಏನೆಂದರೆ, "ಚೆಕ್ ಮಾಡೇ ಕೊಡ್ತಾರೆ ಸಾರ್." ನನಗೆ ಹತ್ತಕ್ಕೆ ಐದಾದರೂ ಅನ್ನಿಸಿತು.

"ಬಂಪರ್ ಟು ಬಂಪರ್ ಇನ್ಶೂರೆನ್ಸ್ ಇತ್ತಲ್ಲ?" ಎಂದೂ ಕೆಲವರು ಕೇಳಿದರು. ಆ ಹೆಸರಿಟ್ಟವರಿಗೆ ದೊಡ್ಡ ನಮಸ್ಕಾರ. ಬಿಡಿಭಾಗದ ಸವಕಳಿ ಕಳೆಯದ ಆ ಝೀರೋ ಡೆಪ್ ಲೆಕ್ಕಕ್ಕೆ ಬರುವುದು ಕ್ಲೇಮ್ ಒಪ್ಪಿದ ಮೇಲೆ. ಎಲೆಕ್ಟ್ರಿಕಲ್ ಬ್ರೇಕ್‌ಡೌನ್ ಮೂಲ ಪಾಲಿಸಿಯಲ್ಲೇ ಹೊರಗಿದೆ. ಪ್ರೀಮಿಯಂ ಕಟ್ಟಿಸಿಕೊಳ್ಳುವಾಗ ಆ ಸಾಲಿನ ಮೇಲೆ ಯಾರೂ ಬೆರಳಿಡುವುದಿಲ್ಲ. ಎಕ್ಸ್‌ಟೆಂಡೆಡ್ ವಾರಂಟಿಯ ಸುದ್ದಿಯೇ ಬೇಡ, ಹೊರಗೆ ಹಾಕಿಸಿದ ಹಾರ್ನಿನ ವೈರ್ ಕಂಡರೆ ಸಾಕು, ಫೈಲ್ ಮುಚ್ಚುತ್ತಾರೆ.

ಹಾರ್ನ್ ಎಂದೆನಲ್ಲ, ನಮ್ಮವರ ಚಾಳಿಯೇ ಹಾಗೆ. ಬ್ಯಾಟರಿ ಟರ್ಮಿನಲ್ ಬಿಚ್ಚದೆ ಗಾಡಿಯ ಬಾಡಿ ಮೇಲೆ ವೆಲ್ಡಿಂಗ್ ಮಾಡಿಸುವುದು, ಡ್ಯಾಶ್‌ಬೋರ್ಡ್ ಒಳಕ್ಕೇ ಪೈಪ್ ಹಿಡಿದು ತೊಳೆಯುವುದು, ಸಿಕ್ಕ ವೈರ್ ಸೀಳಿ ಲೈಟ್ ಹಾಕಿಸುವುದು. ಕಿಲುಬು ಹಿಡಿದ ಅರ್ಥಿಂಗ್ ಉಜ್ಜದೆ ಕೂರಿಸಿದರೆ ಹೊಸ ಮಾಡ್ಯೂಲೂ ಸುಡಬಹುದು. ಅರ್ಥಿಂಗ್ ಉಜ್ಜುವ ಕೂಲಿ 300 ರೂಪಾಯಿ. ಅದಕ್ಕೂ ಚೌಕಾಸಿ!

ಸೆಪ್ಟೆಂಬರ್ 22, 2025ರಿಂದ ಬಿಡಿಭಾಗಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿದದ್ದರಿಂದ ಹೊಸ ಮಾಡ್ಯೂಲಿನ ಬಿಲ್ 38 ಸಾವಿರಕ್ಕೆ ನಿಂತಿತು. ಆದಾಯ ತೆರಿಗೆಯ ಅಂದಾಜು ಆದಾಯದ ಲೆಕ್ಕದಲ್ಲಿ ಗಾಡಿಗೆ ತಿಂಗಳಿಗೆ 7,500 ಆದಾಯ ತೋರಿಸುವ ನನ್ನಂಥವರಿಗೆ ಅದನ್ನು ಬೇರೆ ಖರ್ಚೆಂದು ಕಳೆಯಲು ಬರುವುದಿಲ್ಲ. ಆದರೂ ಬಿಲ್ ಜೋಪಾನವಾಗಿ ಇಟ್ಟಿದ್ದೇನೆ. ಹೊಸ ಮಾಡ್ಯೂಲಿನ ವಾರಂಟಿ ಕೇಳಲು ಆ ಬಿಲ್ಲೇ ಬೇಕು.