ಮತ್ತೆ ಅದೇ ಬೆಂಕಿಯ ಹತ್ತಿರ
ಯೋಹಾನ 21 ತೆಗೀರಿ. ಅಷ್ಟರಲ್ಲಿ ಒಂದು ಫುಟ್‌ಬಾಲ್ ಮ್ಯಾಚ್ ಹೇಳ್ತೇನೆ.

2018ರ ಮಾರ್ಚ್ 17, ಕಂಠೀರವದಲ್ಲಿ ಐಎಸ್‌ಎಲ್ ಫೈನಲ್. ಮೊದಲ ಗೋಲು ಹೊಡೆದೂ ಬೆಂಗಳೂರು ಎಫ್‌ಸಿ ಚೆನ್ನೈಯಿನ್ ಎದುರು 3-2ರಿಂದ ಸೋತಿತು, ಸ್ವಂತ ಜನರ ಮುಂದೆಯೇ. ಏಪ್ರಿಲ್ 20ಕ್ಕೆ ಭುವನೇಶ್ವರದಲ್ಲಿ ಸೂಪರ್ ಕಪ್ ಫೈನಲ್. 28ನೇ ನಿಮಿಷದಲ್ಲೇ ಈಸ್ಟ್ ಬೆಂಗಾಲ್ ಗೋಲು! ಮತ್ತೆ ಅದೇ ಕಥೆ ಅನ್ನಿಸಿರಬೇಕು, ಅಲ್ವಾ? ಆದರೆ ರಾಹುಲ್ ಭೇಕೆ ಸಮ ಮಾಡಿದರು. ಆಮೇಲೆ ಛೆಟ್ರಿ ಎರಡು, ಮಿಕು ಒಂದು. 4-1! (ಈಸ್ಟ್ ಬೆಂಗಾಲ್‌ನ ಒಬ್ಬರು ಕೈಯೆತ್ತಿ ರೆಡ್ ಕಾರ್ಡ್ ಪಡೆದಿದ್ದರು. ಕೋಪಿಷ್ಠರು ಕೇಳಿಸ್ಕೊಳ್ಳಿ.)

ಪೇತ್ರ ಕರ್ತನನ್ನು ಅಲ್ಲಗಳೆದದ್ದು ಎಲ್ಲಿ? ಕೆಂಡದ ಬೆಂಕಿಯ ಹತ್ತಿರ, ಯೋಹಾನ 18 ನೋಡಿ. ಈಗ 21ರಲ್ಲಿ, ದಡದ ಮೇಲೆ, ಮತ್ತೆ ಕೆಂಡದ ಬೆಂಕಿ! ಈ ಸಲ ಹೊತ್ತಿಸಿದವರು ಯೇಸು ಸ್ವಾಮಿ. ಮೊದಲು ಊಟ ಕೊಟ್ಟರು, ಆಮೇಲೆಯೇ ಪ್ರಶ್ನೆ. ಬಿದ್ದದ್ದು ಮೂರು ಸಲ, ಕೇಳಿದ್ದೂ ಮೂರು ಸಲ, ಕುರಿಗಳನ್ನು ಒಪ್ಪಿಸಿದ್ದೂ ಮೂರು ಸಲ.

ಹಳೇ ಪಾಪದಲ್ಲೇ ಎರಡನೇ ಸಲ ಬಿದ್ದು, ನಾಚಿಕೆಯಿಂದ ಸಭೆಗೆ ಬಾರದವರು ಇಲ್ಲಿ ಇನ್ನಂಜೆಯಲ್ಲೂ ಮಣಿಪಾಲದ ರೂಮುಗಳಲ್ಲೂ ಇದ್ದಾರೆ. ಇವತ್ತು ಅಂಥ ಒಬ್ಬರಿಗೆ ಫೋನ್ ಮಾಡಿ. ಬುದ್ಧಿ ಹೇಳ್ಬೇಡಿ, ಊಟಕ್ಕೆ ಕರೀರಿ.